ಸಪ್ತಕುಂಡದ ಸದ್ದಿನಲ್ಲಿ ಕಂಡ ಅಜಂತೆ



ಹೋದ ವರ್ಷ ರಾಜ್ಯೋತ್ಸವದ ಸಮಯದಲ್ಲಿ ನಮ್ಮ ವೇದಿಕೆಯ ವಾಟ್ಸಾಪ್ ಗುಂಪಿಗೆ ನಾನೊಂದು ಚಿತ್ರ ಹಾಕಿದ್ದೆ, ನೆನಪಿದೆಯೇ? ಅಜಂತೆಯ ಒಂದನೇ ಗುಹೆಯ ವರ್ಣಚಿತ್ರ. ಕೆಳಗೆ "ಪರ್ಷಿಯಾದ ರಾಯಭಾರಿಯನ್ನು ಬರಮಾಡಿಕೊಳ್ಳುತ್ತಿರುವ ನಮ್ಮ ಇಮ್ಮಡಿ ಪುಲಕೇಶಿ" ಎಂದು ಹೆಮ್ಮೆಯಿಂದ ಬರೆದಿದ್ದೆ. ನಿಮ್ಮಿಂದ ಹೃದಯದ ಇಮೋಜಿಗಳ ಮಳೆಯೇ ಸುರಿದಿತ್ತು. ಚಿಕ್ಕಂದಿನಲ್ಲಿ ಅಪ್ಪ ಹೇಳಿದ್ದ ಮಾತದು, ನಾನು ಪ್ರಶ್ನೆ ಮಾಡದೆ ನಂಬಿದ್ದೆ. ಆ ಮಾತು ತಪ್ಪು ಎಂದು ಈ ಮಳೆಗಾಲದಲ್ಲಿ ಗೊತ್ತಾಯಿತು. ತಪ್ಪನ್ನು ಹರಡಿದವಳೇ ತಿದ್ದಬೇಕಲ್ಲವೇ? ಅದಕ್ಕೇ ಈ ಬರಹ.

ಚಿಕಲಠಾಣಾದಲ್ಲಿ ನಮ್ಮ ಮನೆ. ಸುತ್ತ ಕಾರ್ಖಾನೆಗಳು, ತಲೆಯ ಮೇಲೆ ವಿಮಾನಗಳು. ಅಲ್ಲಿಂದ ಜಳಗಾಂವ್ ರಸ್ತೆ ಹಿಡಿದು ಫುಲಂಬ್ರಿ, ಸಿಲ್ಲೋಡ್ ದಾಟಿದರೆ ಸುಮಾರು 100 ಕಿಲೋಮೀಟರಿಗೆ ಅಜಂತೆ. ನಾಲ್ಕು ವರ್ಷಗಳಿಂದ ಇಲ್ಲಿದ್ದರೂ ಹೋಗಿದ್ದು ಬೇಸಿಗೆಯಲ್ಲೊಮ್ಮೆ ಮಾತ್ರ. ಆಗ ನೋಡಿದ್ದು ಒಣಗಿದ ಬಂಡೆ, ಕತ್ತಲೆ ಗುಹೆ. ಆಗಸ್ಟಿನ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು, ಮಗಳನ್ನು ಕರೆದುಕೊಂಡು ಮತ್ತೆ ಹೋದೆವು. ಫರ್ದಾಪುರದ ಹತ್ತಿರ ಕಾರು ಬಿಟ್ಟು, ಅಲ್ಲಿಯ ಬಸ್ಸು ಹತ್ತಿ ಕಣಿವೆಯೊಳಗೆ ಹೋದಾಗ, ಇದು ಅದೇ ಜಾಗವೇ ಎನ್ನಿಸಿತು. ಬೆಟ್ಟವೆಲ್ಲ ಹಸಿರು. ಮೊದಲ ಗುಹೆಗಳ ಹತ್ತಿರ ಬರೀ ಪಿಸುಮಾತಿನಂತಿದ್ದ ಸದ್ದು, ಕೊನೆಯ ಗುಹೆಗಳತ್ತ ನಡೆದಂತೆ ಹೆಚ್ಚುತ್ತಾ ಹೋಯಿತು. ಕುದುರೆ ಲಾಳದ ಆಕಾರದ ಕಣಿವೆಯ ತುದಿಯಲ್ಲಿ ವಾಘೂರ್ ನದಿ ಮೆಟ್ಟಿಲು ಮೆಟ್ಟಿಲಾಗಿ ಧುಮುಕುತ್ತಿತ್ತು. ಏಳು ಹಾರು, ಏಳು ಮಡು. ಅದೇ ಸಪ್ತಕುಂಡ.

"ಅಮ್ಮಾ, ಗುಹೆ ಕೊರೆಯೋಕೆ ಇಷ್ಟು ದೂರದ ಕಾಡಿಗೆ ಯಾಕೆ ಬಂದ್ರು?" ಎಂದಳು ಮಗಳು. ಉತ್ತರ ಕಣ್ಣೆದುರೇ ಸುರಿಯುತ್ತಿತ್ತು.

ಬೌದ್ಧ ಭಿಕ್ಷುಗಳು ವರ್ಷವಿಡೀ ಊರೂರು ತಿರುಗುವವರು. ಮಳೆಗಾಲದಲ್ಲಿ ಮಾತ್ರ ಮೂರು ತಿಂಗಳು ಒಂದೇ ಕಡೆ ನಿಲ್ಲಬೇಕು ಎಂಬುದು ನಿಯಮ. ಅದಕ್ಕೆ ವರ್ಷಾವಾಸ ಎನ್ನುತ್ತಾರೆ. ನಿಲ್ಲಲು ನೀರು ಬೇಕು, ಏಕಾಂತ ಬೇಕು, ಆದರೆ ಭಿಕ್ಷೆ ಮತ್ತು ದಾನ ಸಿಗದಷ್ಟು ದೂರವೂ ಆಗಬಾರದು. ದಖ್ಖನ್ನಿನಿಂದ ಉತ್ತರಕ್ಕೆ ಹೋಗುವ ವ್ಯಾಪಾರದ ದಾರಿಗಳು ಈ ಬೆಟ್ಟಸಾಲನ್ನು ದಾಟುತ್ತಿದ್ದವು. ಲಾವಾ ಗಟ್ಟಿಯಾಗಿ ಆದ ಕಪ್ಪು ಬಂಡೆಯನ್ನು ಸಾವಿರಾರು ವರ್ಷ ಕೊರೆದು ನದಿಯೇ ಕಡಿದಾದ ಗೋಡೆ ನಿಲ್ಲಿಸಿಕೊಟ್ಟಿತ್ತು. ಶಿಲ್ಪಿಗಳು ಆ ಗೋಡೆಯಲ್ಲಿ ಸುಮಾರು 30 ಗುಹೆಗಳನ್ನು ಕೊರೆದರು. ನದಿಗೆ ಇಳಿಯಲು ಮೆಟ್ಟಿಲು, ನೀರು ಹಿಡಿಯಲು ಕಲ್ಲಿನ ತೊಟ್ಟಿ ಎಲ್ಲವೂ ಇದ್ದವು. ಜಲಪಾತವನ್ನು ನಾವು ಗುಹೆ ನೋಡಿದ ಮೇಲೆ ಸಮಯವಿದ್ದರೆ ನೋಡುತ್ತೇವೆ. ನಿಜ ಹೇಳಬೇಕೆಂದರೆ ಜಲಪಾತ ಇದ್ದದ್ದರಿಂದಲೇ ಗುಹೆಗಳಾದವು.

ಇಲ್ಲಿ ಕೆಲಸ ನಡೆದದ್ದು ಎರಡು ಹಂತದಲ್ಲಿ. ಮೊದಲನೆಯದು ಕ್ರಿಸ್ತಪೂರ್ವ 2ನೇ ಶತಮಾನದ ಹೊತ್ತಿಗೆ ಶುರುವಾಯಿತು. ಆ ಕಾಲದ 10ನೇ ಗುಹೆಯ ಮುಖಭಾಗವನ್ನು ಮಾಡಿಸಿಕೊಟ್ಟವನ ಹೆಸರು ಅಲ್ಲೇ ಕೆತ್ತಿದೆ: ವಾಸಿಠೀಪುತ ಕಟಹಾದಿ. ವಾಸಿಷ್ಠಿಯ ಮಗ ಕಟಹಾದಿ ಎಂದರ್ಥ. ತಂದೆಯ ಹೆಸರಿಲ್ಲ, ತಾಯಿಯಿಂದಲೇ ಗುರುತು. ಶಾತವಾಹನ ದೊರೆಗಳೂ ಗೌತಮೀಪುತ್ರ, ವಾಸಿಷ್ಠೀಪುತ್ರ ಎಂದೇ ಕರೆದುಕೊಂಡರು. ಮಗಳ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಮೊದಲು ಬರುತ್ತದಲ್ಲ, ಅದು ನೆನಪಾಗಿ ನಗು ಬಂತು.

ಎರಡನೆಯ ಹಂತ 5ನೇ ಶತಮಾನದ ಉತ್ತರಾರ್ಧ, ವಾಕಾಟಕ ದೊರೆ ಹರಿಷೇಣನ ಕಾಲ. 16ನೇ ಗುಹೆಯನ್ನು ಅವನ ಮಂತ್ರಿ ವರಾಹದೇವ ಮಾಡಿಸಿದ. ಒಂದನೇ ಗುಹೆಯೂ ಇದೇ ಕಾಲದ್ದು. ಲೆಕ್ಕ ತಪ್ಪುವುದು ಇಲ್ಲೇ ನೋಡಿ. ಇಮ್ಮಡಿ ಪುಲಕೇಶಿ ಪಟ್ಟಕ್ಕೆ ಬಂದದ್ದು 7ನೇ ಶತಮಾನದ ಆರಂಭದಲ್ಲಿ. ಚಿತ್ರ ಬರೆದು ನೂರಕ್ಕೂ ಹೆಚ್ಚು ವರ್ಷವಾದ ಮೇಲೆ ಬಂದ ರಾಜ ಅದರಲ್ಲಿ ಕೂರುವುದು ಹೇಗೆ? ಪರ್ಷಿಯನ್ ಟೋಪಿ ತೊಟ್ಟವರನ್ನು ಚಿತ್ರದಲ್ಲಿ ಕಂಡು ಇದು ಪುಲಕೇಶಿಯ ಆಸ್ಥಾನ ಎಂದು 1879ರಲ್ಲಿ ಊಹಿಸಿದವನು ಜೇಮ್ಸ್ ಫರ್ಗ್ಯುಸನ್. ಆಗ ಗುಹೆಗಳ ಕಾಲ ಸರಿಯಾಗಿ ಗೊತ್ತಿರಲಿಲ್ಲ. ಇಂದಿನ ವಿದ್ವಾಂಸರು ಅದನ್ನು ಜಾತಕ ಕಥೆಯ ದೃಶ್ಯವೆಂದೇ ನೋಡುತ್ತಾರೆ. ಆಫೀಸಿನಲ್ಲಿ ಒಂದು ಸಾಲು ಕೋಡನ್ನೂ ಟೆಸ್ಟ್ ಮಾಡದೆ ಬಿಡದ ನಾನು, 140 ವರ್ಷ ಹಳೆಯ ಊಹೆಯನ್ನು ಹಾಗೇ ಫಾರ್ವರ್ಡ್ ಮಾಡಿದ್ದೆ.

ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಅಜಂತೆಗೂ ನಮಗೂ ಸಂಬಂಧವೇ ಇಲ್ಲ ಅನ್ನು" ಎಂದರು. ಅವರ ದನಿಯಲ್ಲಿದ್ದ ಬೇಸರ ನನ್ನನ್ನು ಕಾಡಿತು. ಪರನಾಡಿನಲ್ಲಿರುವ ನಮಗೆ ಇಂಥ ಒಂದು ಚಿತ್ರ ಎಷ್ಟು ಧೈರ್ಯ ಕೊಡುತ್ತದೆ ಎಂಬುದು ನಿಮಗೂ ಗೊತ್ತು. ಸಂಬಂಧ ಇದೆಯೇ ಎಂದು ಹುಡುಕಲು ಕೂತೆ. ಇದೆ.

ಪುಲಕೇಶಿ ಚಿತ್ರದಲ್ಲಿಲ್ಲ, ಆದರೆ ಈ ನೆಲ ಅವನ ಆಳ್ವಿಕೆಯಲ್ಲಿತ್ತು. 99,000 ಹಳ್ಳಿಗಳ ಮೂರು ಮಹಾರಾಷ್ಟ್ರಕಗಳಿಗೆ ಅವನು ಒಡೆಯನಾದ ಎನ್ನುತ್ತದೆ ರವಿಕೀರ್ತಿ ರಚಿಸಿದ ಕ್ರಿ.ಶ. 634ರ ಐಹೊಳೆ ಶಾಸನ. ಕೆಲವೇ ವರ್ಷಗಳಲ್ಲಿ ಅವನ ರಾಜ್ಯಕ್ಕೆ ಬಂದ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್, ಅದರ ಪೂರ್ವದ ಗಡಿಯ ಕತ್ತಲ ಕಣಿವೆಯಲ್ಲಿ ಬಂಡೆ ಕೊರೆದ ವಿಹಾರವಿದೆ, ಬಾಗಿಲಲ್ಲಿ ಕಲ್ಲಾನೆಗಳಿವೆ ಎಂದು ಬರೆದ. ಅದು ಅಜಂತೆಯೇ ಎಂಬುದು ಬಹುಮಟ್ಟಿಗೆ ಎಲ್ಲರೂ ಒಪ್ಪಿದ ಮಾತು. 16ನೇ ಗುಹೆಯ ಕೆಳಗಿನ ಬಾಗಿಲಲ್ಲಿ ಆ ಆನೆಗಳನ್ನು ಮಗಳು ಮುಟ್ಟಿ ನೋಡಿದಳು.

ಆಮೇಲೆ ಕಾಡು ಎಲ್ಲವನ್ನೂ ಮುಚ್ಚಿತು. ಸುತ್ತಲ ಹಳ್ಳಿಯವರಿಗೆ ಜಾಗ ಗೊತ್ತಿದ್ದರೂ ಹೊರಜಗತ್ತಿಗೆ ಮರೆತಿತ್ತು. 1819ರ ಏಪ್ರಿಲ್ 28ರಂದು ಬೇಟೆಗೆ ಬಂದ ಜಾನ್ ಸ್ಮಿತ್ ಎಂಬ ಅಧಿಕಾರಿ 10ನೇ ಗುಹೆ ಕಂಡು, ಚಿತ್ರದ ಮೇಲೆಯೇ ತನ್ನ ಹೆಸರು ಕೊರೆದು ಹೋದ. 1844ರಿಂದ ವರ್ಷಗಟ್ಟಲೆ ಚಿತ್ರಗಳನ್ನು ನಕಲು ಮಾಡಿದ ರಾಬರ್ಟ್ ಗಿಲ್‌ನ ಕೆಲಸದ ಹೆಚ್ಚಿನ ಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಹೋಯಿತು. ಅವನ ಜೊತೆ ಬಾಳಿದ ಪಾರೋ ಎಂಬ ಹೆಣ್ಣುಮಗಳು 1856ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಅಜಂತಾ ಊರಿನಲ್ಲಿದೆ.

ಮುಂದೆ ಆ ಕೆಲಸ ಕೈಗೆತ್ತಿಕೊಂಡವರಲ್ಲಿ ಒಬ್ಬರು ಮಹಿಳೆ, ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್. ಇಂಗ್ಲೆಂಡಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ದುಡಿದ ಚಿತ್ರಕಲಾವಿದೆ. ಸುಮಾರು 1909ರಿಂದ 1911ರ ನಡುವಿನ ಚಳಿಗಾಲಗಳಲ್ಲಿ, ಅರುವತ್ತರ ಹತ್ತಿರದ ವಯಸ್ಸಿನಲ್ಲಿ, ಈ ಕಣಿವೆಯಲ್ಲಿ ಬಿಡಾರ ಹೂಡಿದರು. ನೆರವಿಗೆ ಬಂದ ಯುವಕರು ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಮತ್ತು ನಮ್ಮ ಮೈಸೂರಿನ ಕೆ. ವೆಂಕಟಪ್ಪ! ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ಅವರು ಮಾಡಿದ ಪ್ರತಿಗಳು 1915ರಲ್ಲಿ ಪುಸ್ತಕವಾಗಿ ಬಂದವು. ಆದರೆ ಅಜಂತೆಯಿಂದ ಮರಳಿದ ಮೇಲೆ ಹೆರಿಂಗ್‌ಹ್ಯಾಮ್ ಮಾನಸಿಕ ಕಾಯಿಲೆಗೆ ತುತ್ತಾಗಿ, 1929ರಲ್ಲಿ ತೀರಿಹೋಗುವವರೆಗೂ ಆರೈಕೆಯಲ್ಲೇ ಇದ್ದರು.

ಎಂಟೆಕ್ ಓದುವಾಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೆನೋ. ಯಾರ ಹೆಸರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಗುಹೆಯ ಮಂಕು ಬೆಳಕಿನಲ್ಲಿ ದಿನಗಟ್ಟಲೆ ಕೂತು, ಮಾಸಿಹೋಗುತ್ತಿದ್ದ ಗೆರೆಗಳನ್ನು ಒಂದೊಂದಾಗಿ ಉಳಿಸಿದ ಕೈಗಳಲ್ಲಿ ಒಂದು ಕನ್ನಡದ ಕೈ.

ಇನ್ನೊಂದು ಮಾತು. ಇಲ್ಲಿಯವರು ನಮ್ಮನ್ನು ಹೊರಗಿನವರೆಂದಾಗ ನೆನಪಿಡಿ: 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು, ಔರಂಗಾಬಾದ್ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಜಂತೆಯನ್ನು ಜೋಪಾನ ಮಾಡಿದ ನಿಜಾಮರ ಪುರಾತತ್ವ ಇಲಾಖೆಯ ಗುಲಾಂ ಯಜ್ದಾನಿಯವರೇ ಬೀದರಿನ ಸ್ಮಾರಕಗಳ ಬಗ್ಗೆಯೂ ದೊಡ್ಡ ಗ್ರಂಥ ಬರೆದರು.

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. "ರಾಜ ಹೋದ, ಕಲಾವಿದ ಬಂದ. ನಷ್ಟವೇನಿಲ್ಲ ಬಿಡು" ಎಂದು ನಕ್ಕರು.

ಮುಂದಿನ ಮಳೆಗಾಲಕ್ಕೆ ವೇದಿಕೆಯಿಂದ ಒಟ್ಟಿಗೆ ಹೋಗೋಣವೇ? ಸೋಮವಾರ ಗುಹೆಗಳಿಗೆ ರಜೆ, ಉಳಿದ ಯಾವ ದಿನವಾದರೂ ಆದೀತು. ಬಂಡೆ ಜಾರುತ್ತದೆ, ಕುಂಡಕ್ಕೆ ಇಳಿಯುವ ಸಾಹಸ ಬೇಡ. ಹಳೆಯ ಆ ಪೋಸ್ಟನ್ನು ನಾನು ಅಳಿಸಿಲ್ಲ. ಅದರ ಕೆಳಗೇ ತಿದ್ದುಪಡಿ ಹಾಕಿದ್ದೇನೆ. ದಯವಿಟ್ಟು ಅದನ್ನೂ ಅಷ್ಟೇ ಪ್ರೀತಿಯಿಂದ ಫಾರ್ವರ್ಡ್ ಮಾಡಿ.