ಸರದಿಯ ಊಹೆ: ಆಸ್ಟ್ರೇಲಿಯಾದ ಫುಟ್‌ಬಾಲ್ ಡ್ರಾಫ್ಟ್ ಮತ್ತು ಅಭಿಮಾನಿಗಳ ಲೆಕ್ಕಾಚಾರ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ, ಅಂದರೆ ಎಎಫ್‌ಎಲ್‌ನ, ಋತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಫೈನಲ್ ಪಂದ್ಯದೊಂದಿಗೆ ಮುಗಿದರೆ, ಹೊಸ ಹುಡುಗರನ್ನು ಕ್ಲಬ್‌ಗಳಿಗೆ ಹಂಚುವ ಡ್ರಾಫ್ಟ್ ನಡೆಯುವುದು ನವೆಂಬರಿನಲ್ಲಿ. ನಡುವಿನ ವಾರಗಳಲ್ಲಿ ಪಂದ್ಯಗಳಿಲ್ಲದಿದ್ದರೂ ಅಭಿಮಾನಿಗಳ ಮಾತಿಗೆ ಬಿಡುವಿರುವುದಿಲ್ಲ. ಯಾವ ಕ್ಲಬ್ ಯಾವ ಹುಡುಗನನ್ನು ಎಷ್ಟನೆಯ ಸರದಿಯಲ್ಲಿ ಆರಿಸಿಕೊಂಡೀತು ಎಂದು ಕ್ರಮಸಂಖ್ಯೆ ಹಾಕಿ ಬರೆದಿಟ್ಟ ಪಟ್ಟಿಗಳು ಪತ್ರಿಕೆಗಳಲ್ಲೂ ಅಭಿಮಾನಿಗಳ ನಡುವೆಯೂ ಓಡಾಡುತ್ತಿರುತ್ತವೆ. ಇಂಥ ಪಟ್ಟಿಗೆ ಅಲ್ಲಿನವರು ಫ್ಯಾಂಟಮ್ ಡ್ರಾಫ್ಟ್ ಎನ್ನುತ್ತಾರೆ; ಅಮೆರಿಕದಲ್ಲಿ ಅದಕ್ಕೆ ಮಾಕ್ ಡ್ರಾಫ್ಟ್ ಎಂಬ ಹೆಸರು. ಇವನ್ನು ಪ್ರತಿಭೆಯ ಭವಿಷ್ಯವಾಣಿಯೆಂದು ಓದಿ, ಹತ್ತು ವರ್ಷ ಕಳೆದ ಮೇಲೆ ಎಷ್ಟು ಸುಳ್ಳಾಯಿತೆಂದು ನಗುವುದು ವಾಡಿಕೆ. ಆದರೆ ಪಟ್ಟಿ ಬರೆಯುವವರು ಹುಡುಗರ ಆಟಕ್ಕಿಂತ ಹೆಚ್ಚಾಗಿ ಕ್ಲಬ್‌ಗಳ ಮನಸ್ಸನ್ನು ಓದಲು ಹೊರಟಿರುತ್ತಾರೆಂಬುದನ್ನು ಮರೆತರೆ ಈ ಹವ್ಯಾಸದ ಒಳಗುಟ್ಟು ಕೈಗೆ ಸಿಗುವುದಿಲ್ಲ ಎಂಬುದು ಈ ಲೇಖನದ ವಾದ.

ಬ್ಯಾಂಕಿನ ಡ್ರಾಫ್ಟನ್ನೂ ಕಚೇರಿಯ ಕರಡನ್ನೂ ಬಲ್ಲ ಕನ್ನಡ ಓದುಗರಿಗೆ ಆಟಗಾರರ ಡ್ರಾಫ್ಟ್ ಅಷ್ಟು ಪರಿಚಿತವಲ್ಲ; ಐಪಿಎಲ್ ಮತ್ತು ಪ್ರೊ ಕಬಡ್ಡಿಗಳಿಂದಾಗಿ ಹರಾಜು ಮಾತ್ರ ಮನೆಮಾತಾಗಿದೆ. ಹರಾಜಿನಲ್ಲಿ ಹಣವಿದ್ದವರು ಯಾರನ್ನು ಬೇಕಾದರೂ ಕೂಗಬಹುದು. ಡ್ರಾಫ್ಟಿನಲ್ಲಿ ಹಣದ ಕೂಗಿಲ್ಲ, ಸರತಿ ಸಾಲು ಮಾತ್ರ ಇದೆ. ಪ್ರತಿ ಕ್ಲಬ್ಬೂ ತನ್ನ ಸರದಿ ಬಂದಾಗ, ಮುಂದಿನವರು ಬಿಟ್ಟುಹೋದ ಹುಡುಗರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕು. ಹಾಗೆ ಆರಿಸುವ ಹಕ್ಕಿಗೂ ಅದರ ಕ್ರಮಸಂಖ್ಯೆಗೂ ‘ಪಿಕ್’ ಎಂಬ ಒಂದೇ ಮಾತು ಸಲ್ಲುತ್ತದೆ. ಇದರ ರುಚಿ ಬೆಂಗಳೂರಿಗೆ ಒಮ್ಮೆ ಸಿಕ್ಕಿದ್ದುಂಟು. 2008ರಲ್ಲಿ ಐಪಿಎಲ್ ಆರಂಭವಾದಾಗ ಹಿರಿಯ ಆಟಗಾರರು ಹರಾಜಾದರೂ 19 ವರ್ಷದೊಳಗಿನವರ ತಂಡದಿಂದ ಬಂದವರನ್ನು ಡ್ರಾಫ್ಟಿನ ಮೂಲಕವೇ ಹಂಚಲಾಯಿತು. ಸೆಹ್ವಾಗ್, ಗಂಭೀರ್ ಮುಂತಾದವರಿಂದ ಬ್ಯಾಟಿಂಗ್ ಬಲ ತುಂಬಿಕೊಂಡಿದ್ದ ದೆಹಲಿ ತಂಡ ಎಡಗೈ ವೇಗಿ ಪ್ರದೀಪ್ ಸಂಗ್ವಾನ್ ಅವರನ್ನು ಆರಿಸಿಕೊಂಡಿತು, ದೆಹಲಿಯವರೇ ಆದ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು. ಅಂದು ದೆಹಲಿಯ ಕೊರತೆಯೇನೆಂದು ಲೆಕ್ಕ ಹಾಕಿದ್ದವನಿಗೆ ಈ ಫಲಿತಾಂಶ ಊಹಿಸಲಾಗದ್ದೇನೂ ಆಗಿರಲಿಲ್ಲ. ಇಬ್ಬರಲ್ಲಿ ಮುಂದೆ ಯಾರು ದೊಡ್ಡವರಾದಾರು ಎಂದಷ್ಟೇ ಯೋಚಿಸಿದ್ದವನು ಎಡವುತ್ತಿದ್ದ.

ಆಸ್ಟ್ರೇಲಿಯಾದ ಈ ಆಟ ಅಂಡಾಕಾರದ ಮೈದಾನದಲ್ಲಿ, ಪ್ರತಿ ತಂಡದಿಂದ 18 ಮಂದಿ ಸೇರಿ ಆಡುವಂಥದ್ದು. ಇದರ ಮುಖ್ಯ ನೆಲೆ ಮೆಲ್ಬರ್ನ್ ನಗರ ಮತ್ತು ವಿಕ್ಟೋರಿಯಾ ರಾಜ್ಯ. 1960ರ ದಶಕದ ಕೊನೆಯಿಂದ ವಿಕ್ಟೋರಿಯಾದ ಹಳ್ಳಿಗಾಡನ್ನು ಕ್ಲಬ್‌ಗಳಿಗೆ ವಲಯಗಳಾಗಿ ಹಂಚಿಕೊಡಲಾಗಿತ್ತು. ಯಾರ ವಲಯದಲ್ಲಿ ವಾಸವಿದ್ದ ಹುಡುಗನೋ ಅವನು ಆ ಕ್ಲಬ್ಬಿನ ಸ್ವತ್ತು. ಮಾರ್ನಿಂಗ್ಟನ್ ಪರ್ಯಾಯದ್ವೀಪದ ವಲಯ ಪಡೆದ ಹಾಥಾರ್ನ್‌ಗೆ ಲೀ ಮ್ಯಾಥ್ಯೂಸ್‌ರಂಥ ಶ್ರೇಷ್ಠ ಆಟಗಾರರು ಸಲೀಸಾಗಿ ಸಿಕ್ಕರು, ಬರಡು ವಲಯ ಪಡೆದವರು ನೋಡುತ್ತ ಉಳಿದರು. ಆಗ ಊಹಿಸಲು ಏನಿತ್ತು? ಹುಡುಗನ ಊರು ಗೊತ್ತಾದರೆ ಕ್ಲಬ್ಬೂ ಗೊತ್ತಾದಂತೆಯೇ. 1987ರಲ್ಲಿ ಬ್ರಿಸ್ಬೇನ್ ಮತ್ತು ಪರ್ತ್‌ನ ಕ್ಲಬ್‌ಗಳು ಸೇರಿ ರಾಜ್ಯದ ಲೀಗು ರಾಷ್ಟ್ರದ ಲೀಗಾಗತೊಡಗಿದ್ದರಿಂದ, ಅದಕ್ಕೆ ಮುಂಚಿನ ವರ್ಷ, 1986ರಲ್ಲಿ, ರಾಷ್ಟ್ರೀಯ ಡ್ರಾಫ್ಟ್ ಶುರುವಾಯಿತು. ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನ ಪಡೆದ ಕ್ಲಬ್ಬಿಗೆ ಮೊದಲ ಪಿಕ್, ಗೆದ್ದವರಿಗೆ ಕೊನೆಯದು ಎಂಬ ಮೂಲತತ್ವವನ್ನು 1936ರಿಂದಲೇ ಡ್ರಾಫ್ಟ್ ನಡೆಸುತ್ತಿದ್ದ ಅಮೆರಿಕದ ಫುಟ್‌ಬಾಲಿನಲ್ಲಿ ಮೊದಲೇ ಕಾಣಬಹುದು.

ತಲೆಕೆಳಗಾದ ಈ ಸಾಲೇ ಊಹಾಪೋಹದ ತವರು. ಗೆದ್ದ ಕ್ಲಬ್ಬಿನ ಅಭಿಮಾನಿಗೆ ನವೆಂಬರ್ ಹೊತ್ತಿಗೆ ಸವಿಯಲು ಗೆಲುವಿನ ನೆನಪಿದೆ. ಋತುವಿಡೀ ಸೋತವನಿಗೆ ಉಳಿದಿರುವುದು ಮೊದಲ ಮೂರು ನಾಲ್ಕು ಪಿಕ್‌ಗಳಲ್ಲಿ ತನಗೆ ಬರಬಹುದಾದ ಹದಿನೆಂಟರ ಹುಡುಗ ಮಾತ್ರ. ಆದ್ದರಿಂದ ತಳದ ಕ್ಲಬ್‌ಗಳ ಬೆಂಬಲಿಗರಲ್ಲಿ ಆಗಸ್ಟ್ ತಿಂಗಳಿನಲ್ಲೇ ಒಂದು ಇಬ್ಬಂದಿ ಕಾಣಿಸಿಕೊಳ್ಳುತ್ತದೆ: ಗೆದ್ದರೆ ಖುಷಿ, ಆದರೆ ಗೆದ್ದರೆ ಪಿಕ್ ಕೆಳಗಿಳಿಯುತ್ತದೆ. ಸತತ ಎರಡು ಋತುಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಪಂದ್ಯ ಗೆಲ್ಲದವರಿಗೆ ಹೆಚ್ಚುವರಿ ಪಿಕ್ ಕೊಡುವ ನಿಯಮವಿದ್ದ ಕಾಲದಲ್ಲಿ ಈ ಇಬ್ಬಂದಿ ಅಭಿಮಾನಿಗಳನ್ನು ದಾಟಿ ಕ್ಲಬ್‌ಗಳ ಒಳಗೂ ಹೊಕ್ಕಿತೆಂಬ ಶಂಕೆ ಹಬ್ಬಿತು. 2009ರಲ್ಲಿ ನಾಲ್ಕೇ ಪಂದ್ಯ ಗೆದ್ದು ಮೊದಲ ಎರಡೂ ಪಿಕ್‌ಗಳನ್ನು ಪಡೆದ ಮೆಲ್ಬರ್ನ್ ಕ್ಲಬ್ ಕುರಿತು ನಡೆದ ದೀರ್ಘ ತನಿಖೆಯಲ್ಲಿ, ಬೇಕೆಂದೇ ಸೋತರೆಂಬ ಆರೋಪ ನಿಲ್ಲಲಿಲ್ಲವಾದರೂ, 2013ರ ಫೆಬ್ರುವರಿಯಲ್ಲಿ ಕ್ಲಬ್ಬಿಗೆ 5 ಲಕ್ಷ ಡಾಲರ್ ದಂಡ ಬಿತ್ತು.

ಪಟ್ಟಿ ಕಟ್ಟುವವನ ಕೈಯಲ್ಲಿರುವ ಸಾಮಗ್ರಿ ಎರಡು ಬಗೆಯದು. ಹುಡುಗರ ಕುರಿತ ಮಾಹಿತಿ ಒಂದು: ರಾಜ್ಯ ರಾಜ್ಯಗಳ ನಡುವಿನ 18 ವರ್ಷದೊಳಗಿನವರ ಪಂದ್ಯಾವಳಿ, 1992ರಲ್ಲಿ ಆರಂಭವಾಗಿ, ಹಿಂದೆ ಟಿಎಸಿ ಕಪ್ ಎಂಬ ಹೆಸರಿದ್ದು, ಈಗ ಟ್ಯಾಲೆಂಟ್ ಲೀಗ್ ಎನಿಸಿಕೊಂಡಿರುವ ಕಿರಿಯರ ಲೀಗು, ಮತ್ತು 20 ಮೀಟರ್ ಓಟ, ನಿಂತಲ್ಲಿಂದ ನೆಗೆತ, 2 ಕಿಲೋಮೀಟರ್ ಓಟಗಳನ್ನು ಅಳೆದು ಅಂಕಿಗಿಳಿಸುವ ಕಂಬೈನ್ ಎಂಬ ದೈಹಿಕ ಪರೀಕ್ಷೆ. ಋತುವಿನ ಕೊನೆಯಲ್ಲಿ ಥಟ್ಟನೆ ಮೇಲೇರಿದ ಹುಡುಗನನ್ನು ‘ಬೋಲ್ಟರ್’ ಎಂದೂ, ನಿರೀಕ್ಷೆಗಿಂತ ಕೆಳಗಿನ ಪಿಕ್‌ಗೆ ಜಾರಿದವನನ್ನು ‘ಸ್ಲೈಡರ್’ ಎಂದೂ, ಯಾರ ಲೆಕ್ಕಕ್ಕೂ ಸಿಗದೆ ಒಂದು ಕ್ಲಬ್ಬಿನ ಮನಸ್ಸಿನಲ್ಲಷ್ಟೇ ಅಡಗಿದವನನ್ನು ‘ಸ್ಮೋಕಿ’ ಎಂದೂ ಕರೆಯುತ್ತಾರೆ. ಎರಡನೆಯ ಬಗೆಯ ಮಾಹಿತಿ ಕ್ಲಬ್‌ಗಳದ್ದು, ತೂಕ ಇದಕ್ಕೇ ಹೆಚ್ಚು. ಯಾವ ಎತ್ತರದ ರಕ್ಷಕನಿಗೆ ವಯಸ್ಸಾಯಿತು, ಯಾವ ಕ್ಲಬ್ಬಿನ ಆಯ್ಕೆಗಾರರು ಕೊರತೆ ನೋಡುತ್ತಾರೆ, ಯಾರು ಕೊರತೆ ಬದಿಗಿಟ್ಟು ಉಳಿದವರಲ್ಲಿ ಉತ್ತಮನನ್ನೇ ಎತ್ತಿಕೊಳ್ಳುತ್ತಾರೆ, ಯಾರು ದೂರದ ರಾಜ್ಯದ ಹುಡುಗ ಎರಡು ವರ್ಷಕ್ಕೇ ಮನೆಗೆ ಮರಳಿಯಾನೆಂದು ಅಂಜುತ್ತಾರೆ ಎಂಬುದನ್ನೆಲ್ಲ ಅಳೆದು ತೂಗಬೇಕು. ಈ ಅಂಜಿಕೆ ಬರೀ ಕಲ್ಪನೆಯೂ ಅಲ್ಲ. 2021ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಿಂದ ಮೊದಲ ಪಿಕ್ಕಾಗಿ ನಾರ್ತ್ ಮೆಲ್ಬರ್ನ್‌ಗೆ ಬಂದ ಜೇಸನ್ ಹಾರ್ನ್-ಫ್ರಾನ್ಸಿಸ್ ಒಂದೇ ಋತು ಆಡಿ ತವರು ರಾಜ್ಯದ ಪೋರ್ಟ್ ಅಡಿಲೇಡ್ ಸೇರಿದರು.

ಅದೇ 2021ರ ಡ್ರಾಫ್ಟ್ ಊಹೆಯ ಸ್ವರೂಪವನ್ನು ಹತ್ತಿರದಿಂದ ನೋಡಲು ಒಳ್ಳೆಯ ಉದಾಹರಣೆ. ಎಎಫ್‌ಎಲ್‌ನಲ್ಲಿ ತಂದೆ-ಮಗ ನಿಯಮವೆಂಬುದೊಂದಿದೆ. ತಂದೆ ಒಂದು ಕ್ಲಬ್ಬಿಗೆ ಕನಿಷ್ಠ 100 ಪಂದ್ಯ ಆಡಿದ್ದರೆ ಮಗನ ಮೇಲೆ ಆ ಕ್ಲಬ್ಬಿಗೆ ಮೊದಲ ಹಕ್ಕು. ಪೂರ್ತಿ ಪುಕ್ಕಟೆಯಾಗಿ ಸಿಗಬಾರದೆಂದು ಇದಕ್ಕೆ ಬಿಡ್ ಪದ್ಧತಿಯನ್ನು ಜೋಡಿಸಲಾಗಿದೆ: ಬೇರೊಂದು ಕ್ಲಬ್ ತನ್ನ ಸರದಿಯಲ್ಲಿ ಆ ಹುಡುಗನ ಹೆಸರು ಹೇಳಿದರೆ, ಹಕ್ಕುಳ್ಳ ಕ್ಲಬ್ ಆ ಪಿಕ್ಕಿನ ಬೆಲೆ ತೆತ್ತು ಅವನನ್ನು ಉಳಿಸಿಕೊಳ್ಳಬೇಕು. ಬೆಲೆಯನ್ನು 2015ರಿಂದ ಅಂಕಗಳಲ್ಲಿ ಕಟ್ಟಲಾಗುತ್ತಿದ್ದು, ಆಗಿನ ಕೋಷ್ಟಕದಲ್ಲಿ ಮೊದಲ ಪಿಕ್ಕಿಗೆ 3,000, ಎರಡನೆಯದಕ್ಕೆ 2,517, ನಾಲ್ಕನೆಯದಕ್ಕೆ 2,034 ಅಂಕಗಳಿದ್ದವು. ಮೊದಲ ಸುತ್ತಿನಲ್ಲಿ ಹಕ್ಕುದಾರರಿಗೆ ಆಗ ಶೇ 20 ರಿಯಾಯಿತಿಯಿತ್ತು. ಕಾಲಿಂಗ್‌ವುಡ್ ಪರ 250 ಪಂದ್ಯ ಆಡಿದ ಪೀಟರ್ ಡೈಕಾಸ್ ಅವರ ಮಗ ನಿಕ್ ಅದೇ ಕ್ಲಬ್ ಸೇರುವುದು ಬಹಳ ಮೊದಲೇ ಎಲ್ಲರಿಗೂ ತಿಳಿದ ವಿಷಯವಾಗಿತ್ತು. ಹಾಗಾಗಿ ಅಭಿಮಾನಿಗಳ ಚರ್ಚೆ ಹೆಸರನ್ನು ಬಿಟ್ಟು ಸಂಖ್ಯೆಗೆ ಅಂಟಿಕೊಂಡಿತು. ಬಿಡ್ ಮೊದಲ ಪಿಕ್ಕಿನಲ್ಲೇ ಬಂದರೆ ಕಾಲಿಂಗ್‌ವುಡ್ ರಿಯಾಯಿತಿ ಕಳೆದು 2,400 ಅಂಕ ತೆರಬೇಕು, ನಾಲ್ಕರಲ್ಲಿ ಬಂದರೆ 1,627 ಸಾಕು. ಆ ವರ್ಷ 17ನೆಯ ಸ್ಥಾನಕ್ಕೆ ಕುಸಿದಿದ್ದ ಕ್ಲಬ್ ತನ್ನ ಮೊದಲ ಸುತ್ತಿನ ಪಿಕ್ಕನ್ನು ಹಿಂದಿನ ವರ್ಷವೇ ಕೈಬಿಟ್ಟಿದ್ದರಿಂದ, ಬೆಲೆಯನ್ನು ಕೆಳಗಿನ ಹಲವು ಚಿಲ್ಲರೆ ಪಿಕ್‌ಗಳನ್ನು ಕೂಡಿಹಾಕಿ ತೀರಿಸಬೇಕಿತ್ತು. ನಾರ್ತ್ ಮೆಲ್ಬರ್ನ್ ಎದುರಾಳಿಯ ಜೇಬಿಗೆ ಕತ್ತರಿ ಹಾಕಲೆಂದೇ ನಿಕ್ ಹೆಸರು ಹೇಳೀತೇ, ಅಥವಾ ತಾನು ಆರಿಸುವ ಹುಡುಗ ‘ಮೊದಲ ಪಿಕ್’ ಎನಿಸಿಕೊಳ್ಳಲೆಂದು ಸುಮ್ಮನಿದ್ದೀತೇ? ಸುಮ್ಮನಿತ್ತು. ಎರಡನೆಯ ಸರದಿಯಲ್ಲಿ ಗ್ರೇಟರ್ ವೆಸ್ಟರ್ನ್ ಸಿಡ್ನಿ ಕ್ಲಬ್ ಇನ್ನೊಬ್ಬ ಆಟಗಾರನ ಮಗ ಸ್ಯಾಮ್ ಡಾರ್ಸಿ ಮೇಲೆ ಬಿಡ್ ಹಾಕಿತು, ವೆಸ್ಟರ್ನ್ ಬುಲ್‌ಡಾಗ್ಸ್ ಬೆಲೆ ತೆತ್ತು ಉಳಿಸಿಕೊಂಡಿತು; ನಿಕ್ ಮೇಲಿನ ಬಿಡ್ ಬಂದದ್ದು ನಾಲ್ಕರಲ್ಲಿ, ಗೋಲ್ಡ್ ಕೋಸ್ಟ್‌ನಿಂದ. ಸಂತೆಯಲ್ಲಿ ಪಕ್ಕದವನ ಮುಖ ನೋಡಿ ತನ್ನ ದರ ಹೇಳುವ ದಲ್ಲಾಳಿಯ ಜಾಣ್ಮೆಯೇ ಇಲ್ಲಿ ಊಹೆಗಾರನಿಗೂ ಬೇಕಾದದ್ದು. ಅಂಕಗಳ ಕೋಷ್ಟಕ ಮುಂದೆ ಪರಿಷ್ಕೃತವಾಗಿದೆ, ಆದರೆ ಆಟದ ಬಗೆ ಬದಲಾಗಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಪಟ್ಟಿ ಏಕೆ ತಪ್ಪುತ್ತದೆ? ಕಾರಣ ಸರಪಳಿಯ ಗುಣದಲ್ಲಿದೆ. ಪ್ರತಿ ಪಿಕ್ಕನ್ನೂ ನೂರಕ್ಕೆ 70ರಷ್ಟು ಖಚಿತವಾಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಊಹಿಸಬಲ್ಲವನೊಬ್ಬನಿದ್ದಾನೆಂದು ಭಾವಿಸಿದರೂ, ಅವನ ಮೊದಲ ಹತ್ತೂ ಹೆಸರು ಸರಿಯಾಗುವ ಸಂಭವ ನೂರಕ್ಕೆ ಮೂರನ್ನೂ ಮುಟ್ಟುವುದಿಲ್ಲ. ವಾಸ್ತವದಲ್ಲಿ ಪಿಕ್‌ಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದರಿಂದ ಪರಿಣಾಮ ಇನ್ನೂ ವಿಚಿತ್ರ. ಪಟ್ಟಿಯಲ್ಲಿ ಮೂರನೆಯವನಾಗಿದ್ದ ಹುಡುಗ ಹತ್ತಕ್ಕೆ ಜಾರಿ, ಉಳಿದವರೆಲ್ಲ ಬರೆದ ಕ್ರಮದಲ್ಲೇ ಆಯ್ಕೆಯಾದರೂ, ನಾಲ್ಕನೆಯವನು ಮೂರಕ್ಕೆ, ಐದನೆಯವನು ನಾಲ್ಕಕ್ಕೆ ಸರಿದು ಎಂಟು ಸ್ಥಾನಗಳು ಒಟ್ಟಿಗೆ ತಪ್ಪುತ್ತವೆ. ಊಹೆಗಾರ ಎಡವಿದ್ದು ಮಾತ್ರ ಒಬ್ಬನ ವಿಷಯದಲ್ಲಿ. ಹೀಗಾಗಿ ಸ್ಥಾನಗಳನ್ನು ಎಣಿಸಿ ಅಂಕ ಕೊಡುವ ಪದ್ಧತಿ ಒಳ್ಳೆಯ ಪಟ್ಟಿಗೂ ಕೆಟ್ಟ ಪಟ್ಟಿಗೂ ಇರುವ ಅಂತರವನ್ನು ಮುಚ್ಚಿಹಾಕುತ್ತದೆ. ಮೊದಲ ಸುತ್ತಿನಲ್ಲಿ ಯಾರ್‍ಯಾರು ಬಂದಾರೆಂಬುದನ್ನು ಕ್ರಮವಿಲ್ಲದೆ ಎಣಿಸುವುದು ಹೆಚ್ಚು ನ್ಯಾಯವಾದೀತು. ಪಿಕ್‌ಗಳನ್ನು ಡ್ರಾಫ್ಟ್ ನಡೆಯುತ್ತಿರುವಾಗಲೇ ಅದಲು ಬದಲು ಮಾಡಿಕೊಳ್ಳಲು 2018ರಿಂದ ಅವಕಾಶ ಕೊಟ್ಟ ಮೇಲಂತೂ ಸರತಿ ಸಾಲೇ ಪಟ್ಟಿ ಬರೆದವನ ಕಣ್ಣೆದುರಿನಲ್ಲಿ ಕದಲುತ್ತದೆ.

ಆಟಗಾರರಾಗಿ ಈ ಹುಡುಗರು ಏನಾದರೆಂಬುದು ಬೇರೆಯೇ ಪ್ರಶ್ನೆ, ಅಲ್ಲಿ ಊಹೆಗಾರರಿಗಿಂತ ಹೆಚ್ಚು ಮುಜುಗರ ಪಡಬೇಕಾದವರು ವೃತ್ತಿಪರ ಆಯ್ಕೆಗಾರರು. 2004ರಲ್ಲಿ ನಾಲ್ಕು ಹೆಸರುಗಳಾದ ಮೇಲೆ ಐದನೆಯ ಪಿಕ್ಕಿನಲ್ಲಿ ಹಾಥಾರ್ನ್ ಆರಿಸಿಕೊಂಡ ಲಾನ್ಸ್ ಫ್ರಾಂಕ್ಲಿನ್ 2022ರಲ್ಲಿ 1,000 ಗೋಲುಗಳ ಗಡಿ ದಾಟಿದರು. 2001ರಲ್ಲಿ ಫ್ರೀಮ್ಯಾಂಟಲ್ ಕ್ಲಬ್ ಟ್ರೆಂಟ್ ಕ್ರೋಡ್ ಎಂಬ ಆಟಗಾರನ ಆಸೆಗೆ ಮೊದಲ ಪಿಕ್ಕಿನ ಜೊತೆ 20 ಮತ್ತು 36ನೆಯ ಪಿಕ್‌ಗಳನ್ನೂ ಹಾಥಾರ್ನ್‌ಗೆ ಒಪ್ಪಿಸಿತು. ಹಾಥಾರ್ನ್ ಮೊದಲನೆಯದರಲ್ಲಿ ಲ್ಯೂಕ್ ಹಾಜ್‌ರನ್ನೂ 36ರಲ್ಲಿ ಸ್ಯಾಮ್ ಮಿಚೆಲ್‌ರನ್ನೂ ಆರಿಸಿಕೊಂಡಿತು, ಇಬ್ಬರೂ ಮುಂದೆ ನಾಯಕರಾಗಿ ಪ್ರಶಸ್ತಿ ಎತ್ತಿದರು, ಕ್ರೋಡ್ ಎರಡು ಋತು ಕಳೆದು ಹಾಥಾರ್ನ್‌ಗೇ ವಾಪಸಾದರು. ಅದೇ ವರ್ಷ 58ನೆಯವರಾಗಿ ಆಯ್ಕೆಯಾದ ಡೇನ್ ಸ್ವಾನ್, ಹತ್ತು ವರ್ಷಗಳ ನಂತರ ಅದೇ 58ರಲ್ಲಿ ಆಯ್ಕೆಯಾದ ಲಾಕಿ ನೀಲ್, ಇಬ್ಬರೂ ಲೀಗಿನ ಅತ್ಯುನ್ನತ ವೈಯಕ್ತಿಕ ಗೌರವವಾದ ಬ್ರೌನ್‌ಲೋ ಪದಕ ಪಡೆದರು. ಸಾಮಾನ್ಯ ಫ್ಯಾಂಟಮ್ ಪಟ್ಟಿ ಅಷ್ಟು ದೂರ ಹೋಗುವುದೇ ಇಲ್ಲ.

ಅಮೆರಿಕದ ಫುಟ್‌ಬಾಲ್ ಡ್ರಾಫ್ಟ್ ಕುರಿತು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ, ಕ್ಲಬ್‌ಗಳು ಮೊದಲ ಪಿಕ್‌ಗಳಿಗೆ ಅತಿಯಾದ ಬೆಲೆ ಕೊಡುತ್ತವೆಂದೂ, ಅದರ ಮೂಲದಲ್ಲಿ ತಮ್ಮ ತೀರ್ಮಾನಗಳ ಬಗ್ಗೆ ಅವುಗಳಿಗಿರುವ ಮಿತಿಮೀರಿದ ನಂಬಿಕೆಯಿದೆಯೆಂದೂ ವಾದಿಸುತ್ತದೆ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವ ನಾಣ್ಯ ಚಿಮ್ಮಿದಾಗ ಸಿಗುವುದಕ್ಕಿಂತ ತುಸುವೇ ಹೆಚ್ಚು. ಅಲ್ಲಿ ಮೊದಲ ಪಿಕ್ಕಿನವರ ಸಂಬಳ ವಿಪರೀತವಾಗಿದ್ದುದು ವಾದದ ಒಂದು ಕಾಲು, ಅದು ಆಸ್ಟ್ರೇಲಿಯಾಕ್ಕೆ ನೇರವಾಗಿ ಹೊಂದುವುದಿಲ್ಲ. ನಂಬಿಕೆಯ ಮಾತು ಮಾತ್ರ ಚೆನ್ನಾಗಿಯೇ ಹೊಂದುತ್ತದೆ.

ಈ ಲೆಕ್ಕಗಳ ನಡುವೆ ಹುಡುಗನೊಬ್ಬನಿದ್ದಾನೆಂಬುದು ಸುಲಭವಾಗಿ ಮರೆತುಹೋಗುತ್ತದೆ. ಪಟ್ಟಿಗಳಲ್ಲಿ ಹೆಸರು ಏರಿಳಿಯುವಾಗ ಅವನು ಇನ್ನೂ ಶಾಲೆಯ ಕೊನೆಯ ಪರೀಕ್ಷೆಗೆ ಓದುತ್ತಿರಬಹುದು, ಮತ್ತು ಆ ಪಟ್ಟಿಗಳನ್ನು ಅವನೂ ಓದುತ್ತಾನೆ. ಸಂಖ್ಯೆ ಒಮ್ಮೆ ಅಂಟಿದರೆ ಬಿಡುವುದಿಲ್ಲ: 2008ರ ಮೊದಲ ಪಿಕ್ ಜ್ಯಾಕ್ ವಾಟ್ಸ್ ಮೆಲ್ಬರ್ನ್ ಪರ ಆಡಿದಷ್ಟು ಕಾಲವೂ, ಎರಡನೆಯವರಾಗಿ ವೆಸ್ಟ್ ಕೋಸ್ಟ್ ಸೇರಿದ ನಿಕ್ ನೈಟನೂಯಿ ಅವರೊಂದಿಗೆ ತೂಗಲ್ಪಡುತ್ತಲೇ ಇದ್ದರು. 2023ರಲ್ಲಿ ಇದರ ಇನ್ನೊಂದು ಮುಖ ಕಂಡಿತು. ವಿಕ್ಟೋರಿಯಾದ ಟಾಂಗಾಲ ಎಂಬ ಸಣ್ಣ ಊರಿನ ಹಾರ್ಲಿ ರೀಡ್ ಮೊದಲಿಗನೆಂಬುದರ ಬಗ್ಗೆ ವರ್ಷವಿಡೀ ಯಾರಿಗೂ ಅನುಮಾನವಿರಲಿಲ್ಲ. ಆದ್ದರಿಂದ ಊಹೆಯೆಲ್ಲ, ಮೊದಲ ಪಿಕ್ ಹೊಂದಿದ್ದ ಪರ್ತ್‌ನ ವೆಸ್ಟ್ ಕೋಸ್ಟ್ ಅದನ್ನು ಹಲವು ಪಿಕ್‌ಗಳಿಗೆ ಮಾರಿಕೊಂಡೀತೇ ಎಂಬುದರ ಸುತ್ತ ಬೆಳೆಯಿತು. ಕ್ಲಬ್ ಮಾರಲಿಲ್ಲ, ನವೆಂಬರಿನಲ್ಲಿ ರೀಡ್ ಹೆಸರನ್ನೇ ಹೇಳಿತು. ಅಷ್ಟು ಹೊತ್ತಿಗೆ ಮಾತು ಮುಂದಿನ ಪ್ರಶ್ನೆಗೆ ದಾಟಿಯಾಗಿತ್ತು: ಮೆಲ್ಬರ್ನ್‌ನಿಂದ ಸುಮಾರು 2,700 ಕಿಲೋಮೀಟರ್ ದೂರದ ಪರ್ತ್‌ನಲ್ಲಿ ಈ ಹುಡುಗ ಎಷ್ಟು ವರ್ಷ ನಿಂತಾನು, ಮರಳಿ ಬಂದರೆ ಯಾವ ಕ್ಲಬ್ ಸೇರಿಯಾನು?