ಮೆಟ್ಟಿಲೂ ಒಂದು ಶಾಸನ: ಸೋಪಾನಗಳ ಛಾಯಾಚಿತ್ರಣವನ್ನು ಕುರಿತು

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರಿ ಬಂದವರೆಲ್ಲರ ಬಳಿಯೂ ಗೊಮ್ಮಟಮೂರ್ತಿಯ ಛಾಯಾಚಿತ್ರವಿರುತ್ತದೆ. ಆ ಸನ್ನಿಧಿಗೆ ಕರೆದೊಯ್ದ ಮೆಟ್ಟಿಲುಗಳ ಚಿತ್ರವಿರುವುದು ವಿರಳ. ಇದ್ದರೂ ಅದು ನಡುದಾರಿಯಲ್ಲಿ ದಣಿದು ಕುಳಿತ ಬಂಧುಗಳ ಚಿತ್ರವೇ ಹೊರತು ಮೆಟ್ಟಿಲಿನದಲ್ಲ. ಆದರೆ ಅಲ್ಲಿಯ 12ನೆಯ ಶತಮಾನದ ಶಾಸನವೊಂದು ದಂಡನಾಯಕ ಭರತಮಯ್ಯನ ಧರ್ಮಕಾರ್ಯಗಳನ್ನು ಎಣಿಸುವಾಗ, ಅಖಂಡಬಾಗಿಲಿನ ಇಕ್ಕೆಲಗಳ ಭರತ–ಬಾಹುಬಲಿ ಮೂರ್ತಿಗಳೊಂದಿಗೆ ಸೋಪಾನವನ್ನೂ ಹೆಸರಿಸುತ್ತದೆ. ಮೆಟ್ಟಿಲು ಕಟ್ಟಿಸುವುದು ಬಿಂಬಪ್ರತಿಷ್ಠೆಯ ಸಾಲಿನಲ್ಲಿಯೇ ಎಣಿಸತಕ್ಕ ಪುಣ್ಯವೆಂದು ಆ ಕಾಲ ಭಾವಿಸಿತ್ತು.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಈ ಶಾಸನವನ್ನು ಪಾಠ ಮಾಡುತ್ತ, ನಾನೇ ತೆಗೆದಿದ್ದ ಚಿತ್ರವೊಂದನ್ನು ತೋರಿಸಿದೆ. “ಸರ್, ಮೆಟ್ಟಿಲು ಎಲ್ಲಿದೆ?” ಎಂದಳು ಒಬ್ಬ ವಿದ್ಯಾರ್ಥಿನಿ. ಪ್ರಶ್ನೆ ನ್ಯಾಯವಾಗಿತ್ತು. ಮೋಡ ಕವಿದ ಶ್ರಾವಣದ ಮಧ್ಯಾಹ್ನ ತೆಗೆದ ಆ ಚಿತ್ರದಲ್ಲಿ ಬಂಡೆಯೂ ಮೆಟ್ಟಿಲೂ ಒಂದೇ ಬೂದುಬಣ್ಣದ ಹಾಸಾಗಿದ್ದವು. ಬೇರೆಡೆಯಿಂದ ಕಲ್ಲು ತಂದು ಜೋಡಿಸಿದ ಮೆಟ್ಟಿಲಿಗೆ ಸಂದುಗಳಾದರೂ ಗೆರೆಯಾಗಿ ಕಾಣುತ್ತವೆ. ಇದ್ದ ಬಂಡೆಯಲ್ಲಿಯೇ ಕಡಿದ ಮೆಟ್ಟಿಲಿಗೆ ಬಂಡೆಯಿಂದ ಬೇರೆಯಾದ ಬಣ್ಣವಿಲ್ಲ. ಅದನ್ನು ಬಂಡೆಯಿಂದ ಬಿಡಿಸಿ ತೋರಿಸುವುದು ನೆರಳೊಂದೇ.

ಈ ಸತ್ಯವನ್ನು ಬಹಳ ಹಿಂದೆಯೇ ಅರಿತಿದ್ದವನು ಇಂಗ್ಲೆಂಡಿನ ಫ್ರೆಡರಿಕ್ ಎವನ್ಸ್ (1853–1943). ಪುಸ್ತಕದ ಅಂಗಡಿಯನ್ನು ಬಿಟ್ಟು ಕೆಥೀಡ್ರಲ್‌ಗಳ ಛಾಯಾಚಿತ್ರಣಕ್ಕೆ ತನ್ನನ್ನು ತೆತ್ತುಕೊಂಡ ಈತ, 1903ರಲ್ಲಿ ವೆಲ್ಸ್ ಕೆಥೀಡ್ರಲ್ಲಿನ ಮೆಟ್ಟಿಲುಗಳನ್ನು ಚಿತ್ರಿಸಿ ‘ಎ ಸೀ ಆಫ್ ಸ್ಟೆಪ್ಸ್’ ಎಂದು ಹೆಸರಿಟ್ಟನು. ಅಲ್ಲಿ ಸೋಪಾನ ಮೇಲೇರುತ್ತ ಎರಡಾಗಿ ಒಡೆಯುತ್ತದೆ. ಒಂದು ಕವಲು ಬಲಕ್ಕೆ ಬಾಗಿ ಎಂಟು ಮೂಲೆಯ ಸಭಾಗೃಹಕ್ಕೂ ಇನ್ನೊಂದು ನೇರವಾಗಿ ಸೇತುವೆಯತ್ತಲೂ ಹೋಗುತ್ತದೆ. ಶತಮಾನಗಳ ಪಾದಸ್ಪರ್ಶದಿಂದ ನಡುವೆ ಸವೆದು ಕುಳಿಯಾದ ಕಲ್ಲುಗಳು ಅವನ ಪ್ಲಾಟಿನಂ ಮುದ್ರಣದಲ್ಲಿ ಅಲೆಗಳಾಗಿ ಉಕ್ಕುತ್ತವೆ. ಚಿತ್ರವನ್ನು ಆಮೇಲೆ ತಿದ್ದುವುದು ಅವನಿಗೆ ಒಪ್ಪಿಗೆಯಿರಲಿಲ್ಲ. ಕಟ್ಟಡವೂ ಬೆಳಕೂ ಕೊಟ್ಟಷ್ಟನ್ನೇ ಆತ ಸ್ವೀಕರಿಸಿದನು. ಸವಕಳಿಯನ್ನು ದೋಷವೆಂದು ಮರೆಮಾಚದೆ ಅದನ್ನೇ ಚಿತ್ರದ ವಸ್ತುವಾಗಿಸಿದ್ದು ಅವನ ದೊಡ್ಡ ಸಾಧನೆ.

ಈ ಪಾಠವನ್ನು ವಿಂಧ್ಯಗಿರಿಗೆ ಅನ್ವಯಿಸಿ ನೋಡೋಣ. ಬೆಟ್ಟ ಊರಿನ ದಕ್ಷಿಣಕ್ಕಿದೆ. ಮೆಟ್ಟಿಲುಗಳು ಉತ್ತರದ ಇಳಿಜಾರಿನಲ್ಲಿವೆ. ಆದ್ದರಿಂದ ಏರುವವನಿಗೆ ಎದುರಾಗುವ ಮೆಟ್ಟಿಲಿನ ಮುಖ ಉತ್ತರಕ್ಕೆ ತಿರುಗಿದೆ. ಮಾರ್ಗಶಿರ–ಪುಷ್ಯ ಮಾಸಗಳ ನಡುಹಗಲಿನಲ್ಲಿ ದಕ್ಷಿಣಕ್ಕೆ ವಾಲಿದ ಸೂರ್ಯನ ಬೆಳಕು ಮೆಟ್ಟಿಲಿನ ಹಾಸಿನ ಮೇಲೆ ಬೀಳುತ್ತದೆ, ಮುಖ ನೆರಳಿನಲ್ಲಿ ಉಳಿಯುತ್ತದೆ. ಆಗ ಒಂದೊಂದು ಮೆಟ್ಟಿಲೂ ಬಿಳಿ–ಕಪ್ಪು ಪಟ್ಟಿಯಾಗಿ ಎಣಿಸಲು ಸಿಗುತ್ತದೆ. ವಿಷುವದ ಆಸುಪಾಸಿನ ಮುಂಜಾನೆಗಳಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದರಿಂದ ಬೆಳಕು ಮೆಟ್ಟಿಲಿನ ಉದ್ದಕ್ಕೂ ಅಡ್ಡಲಾಗಿ ಸವರಿಕೊಂಡು ಹೋಗುತ್ತದೆ. ಉಳಿಯ ಗುರುತು, ಪಾದದ ಸವಕಳಿ, ಬಂಡೆಯ ಮೇಲಿನ ಅಕ್ಷರಗಳು ಎದ್ದು ತೋರುವುದು ಈ ಹೊತ್ತಿನಲ್ಲಿ. ಎದುರುಗಡೆಯ ಚಂದ್ರಗಿರಿಯಿಂದ ಇಡೀ ಸೋಪಾನವನ್ನು ಒಂದೇ ನೋಟದಲ್ಲಿ ಹಿಡಿಯಬೇಕಾದರೆ ವೈಶಾಖದ ಬೆಳಗು ಲೇಸು. ಆಗ ಸೂರ್ಯ ಈಶಾನ್ಯದತ್ತ ಸರಿದು ಉತ್ತರದ ಇಳಿಜಾರನ್ನು ಬೆಳಗಿಸಿರುತ್ತಾನೆ. ಕ್ಯಾಮೆರಾದ ಫ್ಲಾಶ್ ಮಾತ್ರ ಇಲ್ಲಿ ಸಲ್ಲದು. ನೋಡುವ ದಿಕ್ಕಿನಿಂದಲೇ ಬರುವ ಬೆಳಕು ಇದ್ದ ನೆರಳನ್ನೂ ಅಳಿಸಿಬಿಡುತ್ತದೆ.

ಇನ್ನು ಚೌಕಟ್ಟಿನ ಮಾತು. ಮೇಲಿನಿಂದ ಕೆಳಗೆ ನೋಡಿ ತೆಗೆದರೆ ಮೆಟ್ಟಿಲಿನ ಮುಖಗಳು ಮರೆಯಾಗಿ ಹಾಸುಗಳಷ್ಟೇ ಉಳಿಯುತ್ತವೆ, ಏರಿನ ಅನುಭವ ಇಲ್ಲವಾಗುತ್ತದೆ. ಕೆಳಗೆ ನಿಂತು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಬಾಗಿಲುವಾಡದ ಕಂಬಗಳು ಒಳಕ್ಕೆ ಬಾಗುತ್ತವೆ. ಸಾಧ್ಯವಿದ್ದಷ್ಟು ಹಿಂದೆ ಸರಿದು, ಕ್ಯಾಮೆರಾವನ್ನು ಮಟ್ಟವಾಗಿ ಹಿಡಿಯುವುದೇ ಪರಿಹಾರ. ನಟ್ಟನಡುವೆ ನಿಂತರೆ ಭವ್ಯತೆ ಬರುತ್ತದೆ. ತುಸು ಪಕ್ಕಕ್ಕೆ ಸರಿದರೆ ಸಾಲು ಓರೆಯಾಗಿ ಹರಿದು ಚಲನೆ ಬರುತ್ತದೆ. ಏರುತ್ತಿರುವ ಯಾತ್ರಿಕರೊಬ್ಬರು ದೂರದಲ್ಲಿದ್ದರೆ ಅಳತೆಯೂ ತಿಳಿಯುತ್ತದೆ, ಮೆಟ್ಟಿಲಿನ ಪ್ರಯೋಜನವೂ ತಿಳಿಯುತ್ತದೆ.

ಇದೆಲ್ಲ ಕೇವಲ ಅಂದದ ಪ್ರಶ್ನೆಯೇ? ಅಲ್ಲ. ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನಗಳು 144. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅವು 500 ಆದವು. ಹೆಚ್ಚಿದವು ಹೊಸದಾಗಿ ಕೆತ್ತಿದವಲ್ಲ, ಅಲ್ಲಿಯೇ ಇದ್ದವು. ನೋಡುವ ಕಣ್ಣು ಬಂದಾಗ ಕಂಡವು. ಮೆಟ್ಟಿಲಿನ ಸವಕಳಿಯೂ ಅಂತಹ ಒಂದು ಬರಹ. ದಂಡನಾಯಕನ ಹೆಸರು ಶಾಸನದಲ್ಲಿದೆ. ಅವನ ಮೆಟ್ಟಿಲನ್ನು ಬರಿಗಾಲಿನಲ್ಲಿ ಏರಿದ ಅಸಂಖ್ಯ ಶ್ರಾವಕ ಶ್ರಾವಿಕೆಯರ ಹೆಸರು ಎಲ್ಲಿಯೂ ಇಲ್ಲ. ಅವರು ಬಿಟ್ಟುಹೋದದ್ದು ಕಲ್ಲಿನ ಆ ನುಣುಪನ್ನು ಮಾತ್ರ. ಜಾರುವ ಕಲ್ಲನ್ನು ಮತ್ತೆ ಕಡಿಯುವುದು, ಒಡೆದದ್ದನ್ನು ಬದಲಿಸುವುದು ಯಾತ್ರಿಕರ ಕ್ಷೇಮಕ್ಕೆ ಅಗತ್ಯವೇ. ಆದರೆ ಒಮ್ಮೆ ಉಳಿ ಬಿದ್ದ ಮೇಲೆ ಆ ಬರಹ ಮತ್ತೆ ದೊರೆಯದು.

ಆದ್ದರಿಂದ ಯಾವುದೇ ಊರಿನ ಬಸದಿಯ ಜೀರ್ಣೋದ್ಧಾರಕ್ಕೆ ಕೈಹಾಕುವವರಲ್ಲಿ ನನ್ನದೊಂದು ಅರಿಕೆ. ಕೆಲಸ ಆರಂಭಿಸುವ ಮುನ್ನ ಓರೆಬಿಸಿಲಿನ ಒಂದು ಬೆಳಗನ್ನು ಮೆಟ್ಟಿಲುಗಳಿಗಾಗಿ ಮೀಸಲಿಡಿ. ಚಿತ್ರದೊಡನೆ ತಿಂಗಳು, ಹೊತ್ತು, ನಿಂತ ದಿಕ್ಕುಗಳನ್ನು ಬರೆದಿಡಿ. ನಾನೂ ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಹೊತ್ತು ಒಂದು ಪುಷ್ಯಮಾಸದಲ್ಲಿ ಮತ್ತೆ ಬೆಟ್ಟ ಹತ್ತಿದೆ. ಈಗ ನನ್ನ ಪಾಠದ ಚಿತ್ರದಲ್ಲಿ ಮೆಟ್ಟಿಲುಗಳು ಕಾಣುತ್ತವೆ.