ಒಂದು ಎಲೆಯ ವಂಶಾವಳಿ



ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಕಲಿಸಿದವನು ಹೂವಿನ ಗಿಡದ ವಿಷಯ ಬರೆಯಲು ಕುಳಿತಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಆದರೆ ನಾನು ಬರೆಯುತ್ತಿರುವುದು ಇತಿಹಾಸವೇ. ಅರಸು ಮನೆತನಗಳಿಗೆ ವಂಶಾವಳಿ ಇರುವಂತೆ, ಸೂಡಿಯ ನಮ್ಮ ಮನೆಯ ಉತ್ತರದ ಕಿಟಕಿಯಲ್ಲಿ ಕುಳಿತಿರುವ ಆಫ್ರಿಕನ್ ವಯಲೆಟ್ ಎಂಬ ಗೇಣುದ್ದದ ಗಿಡಕ್ಕೂ ಒಂದು ವಂಶಾವಳಿಯಿದೆ. ಅದರಲ್ಲಿ ಒಬ್ಬ ಜರ್ಮನ್ ಅಧಿಕಾರಿ ಬರುತ್ತಾನೆ, ಸುಟ್ಟುಹೋದ ಒಂದು ಅರಮನೆ ಬರುತ್ತದೆ, ಕೊನೆಗೆ ನಾನು ಆಡಿದ ಒಂದು ಸುಳ್ಳೂ ಬರುತ್ತದೆ.

2006ರ ಶ್ರಾವಣ ಮಾಸ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಊರಿಗೆ ಬಂದವನು ನಮ್ಮ ಮನೆಗೂ ಬಂದ. ಬುತ್ತಿಯ ಡಬ್ಬಿ ತೆರೆದು, ಹಸಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಎಲೆಯನ್ನು ನನ್ನ ಪತ್ನಿಯ ಕೈಗಿತ್ತ. ದಪ್ಪನೆಯ, ಮೈತುಂಬ ನವಿರಾದ ರೋಮಗಳಿದ್ದ ಎಲೆ. "ಅಮ್ಮಾ, ಇದನ್ನ ಮಣ್ಣಾಗ ಚುಚ್ಚಿದ್ರ ಸಾಕು, ಗಿಡ ಆಗತೈತಿ" ಎಂದ. ಪ್ರಯಾಣದಲ್ಲಿ ಕುಂಡ ಒಡೆದೀತೆಂದು ಇಡೀ ಗಿಡವನ್ನು ತರದೆ ಎಲೆಯನ್ನಷ್ಟೇ ತಂದಿದ್ದ. ಇಷ್ಟು ದೂರದಿಂದ ಒಂದು ಎಲೆ ತಂದ ಈ ಹುಡುಗನಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ನಮ್ಮವಳು ಮಾತ್ರ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

ಅವಳು ಮಾಡಿದ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ. ಬೇಕಾದವರಿಗೆ ಉಪಯೋಗಕ್ಕೆ ಬಂದೀತು. ತೀರ ಎಳೆಯದೂ ಅಲ್ಲದ, ಹಳೆಯದೂ ಅಲ್ಲದ ನಡುಸುತ್ತಿನ ಎಲೆಯನ್ನು ಆರಿಸಬೇಕು. ತೊಟ್ಟನ್ನು ಮೂರು ಸೆಂಟಿಮೀಟರಿನಷ್ಟು ಉಳಿಸಿ, ಶುದ್ಧವಾದ ಬ್ಲೇಡಿನಿಂದ ಓರೆಯಾಗಿ ಕತ್ತರಿಸಬೇಕು. ತೊಳೆದ ಮರಳಿಗೆ ತೆಂಗಿನ ನಾರಿನ ಪುಡಿ ಬೆರೆಸಿ, ತೊಟ್ಟು ಮುಳುಗುವಷ್ಟು ಊರಬೇಕು. ಮೇಲೆ ಗಾಜಿನ ಲೋಟವನ್ನು ಬೋರಲು ಹಾಕಿದರೆ ತೇವ ಹಾರಿಹೋಗುವುದಿಲ್ಲ. ಬೆಳಕು ಬೇಕು, ನೇರ ಬಿಸಿಲು ಕೂಡದು. ನಮ್ಮ ಕೊಳವೆಬಾವಿಯ ನೀರು ಸವಳಾದ್ದರಿಂದ ಅವಳು ಮಳೆನೀರನ್ನು ಹಿಡಿದಿಟ್ಟು ಹಾಕುತ್ತಿದ್ದಳು. ಅದೂ ಕುಂಡದ ಕೆಳಗಿನ ತಟ್ಟೆಗೆ, ಎಲೆಯ ಮೇಲಲ್ಲ. ಮೂರು ನಾಲ್ಕು ವಾರಕ್ಕೆ ಬೇರು ಬಂದಿತು. ಎರಡು ತಿಂಗಳಾಗುವ ಹೊತ್ತಿಗೆ ತೊಟ್ಟಿನ ಬುಡದಲ್ಲಿ ಇಲಿಯ ಕಿವಿಯಂತಹ ಪುಟ್ಟ ಎಲೆಗಳು ಮಣ್ಣು ಸರಿಸಿ ಮೇಲೆದ್ದವು. ಎಣಿಸಿದರೆ ನಾಲ್ಕು ಸಸಿಗಳು! ಮರುವರ್ಷದ ಯುಗಾದಿ ಕಳೆದು ಕೆಲವು ವಾರಗಳಲ್ಲಿ ಮೊದಲ ನೇರಳೆ ಹೂವು ಅರಳಿತು.

ಎಲೆಯಿಂದ ಗಿಡವಾಗುವುದು ನಮಗೆ ಹೊಸತೇನಲ್ಲ. ಕಾಡುಬಸಳೆಯ ಎಲೆಯನ್ನು ಪುಸ್ತಕದ ನಡುವೆ ಇಟ್ಟು, ಅದರ ಅಂಚಿನಲ್ಲಿ ಮರಿಗಳು ಮೂಡುವುದನ್ನು ಕಾಯದ ಮಕ್ಕಳು ನನ್ನ ತರಗತಿಯಲ್ಲಿ ಯಾರಿದ್ದಿರಿ? ಜರ್ಮನಿಯ ಮಹಾಕವಿ ಗಯಟೆ ಕೂಡ ಈ ಕಾಡುಬಸಳೆಗೆ ಮರುಳಾಗಿ, ಅದನ್ನು ಬೆಳೆಸಿ, ಸ್ನೇಹಿತರಿಗೆ ಕಾಣಿಕೆಯಾಗಿ ಕಳಿಸುತ್ತಿದ್ದನಂತೆ. ಆದರೆ ಕಾಡುಬಸಳೆಯ ಎಲೆಯಂಚಿನಲ್ಲಿ ಮರಿಗಳಿಗೆ ಮೊದಲೇ ಸ್ಥಳ ಸಿದ್ಧವಾಗಿರುತ್ತದೆ. ವಯಲೆಟ್ಟಿನಲ್ಲಿ ಹಾಗಿಲ್ಲ. ಕತ್ತರಿಸಿದ ಮೇಲೆಯೇ ತೊಟ್ಟಿನ ಜೀವಕೋಶಗಳು ಹೊಸದಾಗಿ ಬೇರನ್ನೂ ಚಿಗುರನ್ನೂ ಕಟ್ಟಲು ತೊಡಗುತ್ತವೆ. ಹೀಗೆ ಹುಟ್ಟಿದ್ದು ತಾಯಿಗಿಡದ ಮಗಳಲ್ಲ, ಅದು ತಾಯಿಗಿಡವೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಗಿಡದ ತವರು ಪೂರ್ವ ಆಫ್ರಿಕಾದ ಉಸಾಂಬರಾ ಬೆಟ್ಟಗಳು, ಇಂದಿನ ಟಾಂಜಾನಿಯಾ ದೇಶದ ಈಶಾನ್ಯ ಭಾಗ. ಅಲ್ಲಿಯ ದಟ್ಟ ಕಾಡಿನ ನೆರಳಿನಲ್ಲಿ, ಪಾಚಿಗಟ್ಟಿದ ಬಂಡೆಗಳ ಮೇಲೆ ಅದು ತಾನಾಗಿ ಬೆಳೆಯುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಆ ಪ್ರದೇಶ ಜರ್ಮನರ ವಸಾಹತಾಗಿತ್ತು. ಟಾಂಗಾ ಜಿಲ್ಲೆಯ ಆಡಳಿತಾಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್ ಎಂಬಾತ 1892ರ ಸುಮಾರಿಗೆ ಈ ಗಿಡವನ್ನು ಕಂಡು, ಜರ್ಮನಿಯಲ್ಲಿದ್ದ ತನ್ನ ತಂದೆಗೆ ಕಳಿಸಿದ. ತಂದೆಯಿಂದ ಅದು ಹಾನೋವರ್ ನಗರದ ಹೆರೆನ್‌ಹೌಸೆನ್ ರಾಜೋದ್ಯಾನದ ಮುಖ್ಯಸ್ಥ ಹರ್ಮನ್ ವೆಂಡ್‌ಲಾಂಡನ ಕೈ ಸೇರಿತು. 1893ರಲ್ಲಿ ವೆಂಡ್‌ಲಾಂಡನು ಅಪ್ಪ ಮಗ ಇಬ್ಬರ ಮನೆತನದ ಹೆಸರನ್ನೇ ಇಟ್ಟು ಅದನ್ನು ‘ಸೇಂಟ್‌ಪಾಲಿಯಾ ಅಯೊನಾಂಥಾ’ ಎಂದು ಕರೆದ. ಅಯೊನಾಂಥಾ ಎಂದರೆ ವಯಲೆಟ್ಟಿನಂಥ ಹೂವುಳ್ಳದ್ದು. ನಿಜವಾದ ವಯಲೆಟ್ ಕುಟುಂಬಕ್ಕೂ ಇದಕ್ಕೂ ನೆಂಟಸ್ತನವಿಲ್ಲ. ಹೋಲಿಕೆ ಹೂವಿನಲ್ಲಿ ಮಾತ್ರ.

ಸಮಾಜ ವಿಜ್ಞಾನದ ಮೇಷ್ಟರಾಗಿ ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಆ ಬೆಟ್ಟದ ಜನ ಅದಕ್ಕಿಂತ ಮೊದಲು ಈ ಗಿಡವನ್ನು ಕಂಡಿರಲಿಲ್ಲವೇ? ದಿನವೂ ಕಂಡಿದ್ದರು. ಆದರೂ ಪುಸ್ತಕಗಳಲ್ಲಿ ‘ಕಂಡುಹಿಡಿದವನು’ ಎಂದು ಬರೆದದ್ದು ಅಧಿಕಾರಿಯ ಹೆಸರನ್ನೇ. ಇನ್ನೊಂದು ಸ್ವಾರಸ್ಯವೆಂದರೆ ಆ ಹೆಸರೂ ಶಾಶ್ವತವಾಗಲಿಲ್ಲ. 2015ರಲ್ಲಿ ಸಸ್ಯವಿಜ್ಞಾನಿಗಳು ಸೇಂಟ್‌ಪಾಲಿಯಾ ಕುಲವನ್ನು ಸ್ಟ್ರೆಪ್ಟೊಕಾರ್ಪಸ್ ಎಂಬ ದೊಡ್ಡ ಕುಲದೊಳಗೆ ಸೇರಿಸಿದರು. ಜರ್ಮನರ ಆಡುಮಾತಿನಲ್ಲಿ ಮಾತ್ರ ಅದು ಇಂದಿಗೂ ‘ಉಸಾಂಬರಾ ವಯಲೆಟ್’. ಅಧಿಕಾರಿಯ ಹೆಸರು ಸರಿದು, ಬೆಟ್ಟದ ಹೆಸರು ಉಳಿಯಿತು.

ಜರ್ಮನಿಯಿಂದ ಗಿಡದ ಬೀಜಗಳು ಹರಡಿದವು. 1926-27ರ ಸುಮಾರಿಗೆ ಅಮೆರಿಕದ ಲಾಸ್ ಏಂಜಲಿಸ್‌ನ ಆರ್ಮಕಾಸ್ಟ್ ಮತ್ತು ರಾಯ್‌ಸ್ಟನ್ ಎಂಬ ಸಸ್ಯಾಲಯದವರು ಜರ್ಮನಿ ಮತ್ತು ಇಂಗ್ಲೆಂಡಿನ ಬೀಜಗಳಿಂದ ಸಸಿಗಳನ್ನು ಎಬ್ಬಿಸಿ, ಅವುಗಳಲ್ಲಿ ಹತ್ತನ್ನು ಮಾತ್ರ ಆರಿಸಿ ಉಳಿಸಿಕೊಂಡರು. ‘ಬ್ಲೂ ಬಾಯ್’ ಎಂಬುದು ಅವುಗಳಲ್ಲೊಂದು. ಆಮೇಲಿನ ಕೆಲಸವೆಲ್ಲ ಎಲೆಗಳದು. ನೆರೆಮನೆಯಿಂದ ನೆರೆಮನೆಗೆ, ಲಕೋಟೆಯಲ್ಲಿ, ಪೊಟ್ಟಣದಲ್ಲಿ ಎಲೆಗಳು ಓಡಾಡಿದವು. 1946ರಲ್ಲಿ ಅಟ್ಲಾಂಟಾ ನಗರದಲ್ಲಿ ಈ ಗಿಡದ ಅಭಿಮಾನಿಗಳು ಒಂದು ಸಂಘವನ್ನೇ ಕಟ್ಟಿದರು. ಬೀಜದಿಂದ ಹೊಸತು ಹುಟ್ಟುತ್ತದೆ. ಎಲೆಯಿಂದ ಇದ್ದದ್ದು ಉಳಿಯುತ್ತದೆ. ಆ ಮಾತಿಗೂ ಒಂದು ಅಪವಾದವಿದೆ. ದಳಗಳಲ್ಲಿ ಚಕ್ರದಂತೆ ಪಟ್ಟೆಗಳಿರುವ ಕೆಲವು ತಳಿಗಳ ಎಲೆ ನೆಟ್ಟರೆ ಆ ಪಟ್ಟೆ ಬರುವುದಿಲ್ಲ. ನಮ್ಮದು ಸಾದಾ ನೇರಳೆ. ಅದಕ್ಕೆ ಆ ತೊಂದರೆಯಿರಲಿಲ್ಲ.

ಮನೆಗೆ ಮರಳೋಣ. ನಮ್ಮವಳು ಬಂದವರಿಗೆಲ್ಲ ಎಲೆ ಕಿತ್ತು ಕೊಡುತ್ತಿದ್ದಳು. ಕುಪ್ಪಸದ ಖಣ ಕೊಟ್ಟು, ಕುಂಕುಮ ಹಚ್ಚಿ, ಜೊತೆಗೆ ಒಂದು ಎಲೆ. ಗಿಡ ಬೋಳಾಗುವುದನ್ನು ಕಂಡು ನಾನು ಸಿಡುಕುತ್ತಿದ್ದೆ. ಅವಳು ನಗುತ್ತ, "ಕೊಟ್ರ ಕಡಿಮಿ ಆಗೂದಲ್ರೀ ಇದು" ಅನ್ನುತ್ತಿದ್ದಳು. ನನಗದು ಹೆಂಗಸರ ಉದಾರ ಮಾತಾಗಿ ಕೇಳಿಸಿತ್ತೇ ಹೊರತು ಅದರಲ್ಲಿ ಸಸ್ಯಶಾಸ್ತ್ರವಿದೆಯೆಂದು ತಿಳಿದಿರಲಿಲ್ಲ.

2019ರ ಬೇಸಿಗೆಯಲ್ಲಿ ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ಎರಡು ದಿನಕ್ಕೊಮ್ಮೆ ಊರಿಗೆ ಬಂದು ಹೋಗುತ್ತಿದ್ದೆ. ಹೊರಗೆ ನಲವತ್ತು ಡಿಗ್ರಿ ಬಿಸಿಲು. ಗಿಡಕ್ಕೆ ನೀರಡಿಕೆಯಾದೀತೆಂದು ಬಂದಾಗಲೆಲ್ಲ ಕೊಳವೆಬಾವಿಯ ನೀರನ್ನು ಎಲೆಯ ಮೇಲೆಯೇ ತುಂಬ ಹೊಯ್ದೆ. ಎಲೆಗಳು ಜೋತುಬಿದ್ದವು, ನೀರು ಸಾಲದೆಂದು ಇನ್ನಷ್ಟು ಹಾಕಿದೆ. ನಡುಗಡ್ಡೆ ಕೊಳೆತುಹೋಯಿತು. ಅಷ್ಟೂ ಕುಂಡಗಳನ್ನು ನಾನೇ ಕೊಂದೆ.

ಅವಳು ಕೇಳಿದಳು: "ಗಿಡ ಹ್ಯಾಂಗ ಅದಾವ್ರೀ?"

"ಚೊಲೊ ಅದಾವ. ಹೂ ಬಿಟ್ಟಾವ" ಎಂದೆ.

ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. "ನೀರು ಭಾಳ ಹಾಕಬ್ಯಾಡ್ರಿ" ಎಂದಳು. ಮತ್ತೆ ತುಸು ತಡೆದು, "ಧಾರವಾಡದಾಗ ಐತಲ್ಲ, ಇರಲಿ" ಎಂದಳು. ಆ ಮಾತಿನ ಅರ್ಥ ನನಗೆ ಆಗಲಿಲ್ಲ, ಜ್ವರದ ಬಡಬಡಿಕೆಯೆಂದುಕೊಂಡೆ. ಅದಾಗಿ ಒಂಬತ್ತನೆಯ ದಿನ ಅವಳು ತೀರಿಕೊಂಡಳು. ಆ ಸುಳ್ಳನ್ನು ತಿದ್ದಲು ನನಗೆ ಸಮಯ ಸಿಗಲಿಲ್ಲ, ಧೈರ್ಯವೂ ಇರಲಿಲ್ಲ.

ವರ್ಷಾಂತಿಕಕ್ಕೆ ಬಂದ ಧಾರವಾಡದ ನನ್ನ ತಂಗಿಯ ಮಗಳು ಒಂದು ಪುಟ್ಟ ಕುಂಡ ತಂದು ಕಿಟಕಿಯಲ್ಲಿಟ್ಟಳು. ಅದರ ತುಂಬ ನೇರಳೆ ಹೂವು. "ಮಾಮಾ, ಅತ್ತಿ ಕೊಟ್ಟ ಎಲಿದು ಇದು" ಎಂದಳು. ಆಗ ಅರ್ಥವಾಯಿತು. ಅವಳಿಗೆ ಎಲ್ಲವೂ ಗೊತ್ತಿತ್ತು; ನನ್ನನ್ನು ಸಂತೈಸಲೆಂದೇ ಧಾರವಾಡದ ಮಾತು ಆಡಿದ್ದಳು. ಎಲೆಯಿಂದ ಹುಟ್ಟಿದ್ದು ತಾಯಿಗಿಡವೇ ಎಂದು ಮೇಲೆ ಬರೆದೆನಲ್ಲ, ನಾನು ಕೊಂದ ಗಿಡವೇ ಮನೆಗೆ ಮರಳಿ ಬಂದಿತ್ತು.

ಇತಿಹಾಸದಲ್ಲಿಯೂ ಹೀಗೆಯೇ ಆಗಿದೆ. ಹೆರೆನ್‌ಹೌಸೆನ್ ಅರಮನೆ 1943ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಅದನ್ನು ಮತ್ತೆ ಕಟ್ಟಿ ಮುಗಿಸಿದ್ದು 2013ರಲ್ಲಿ. ಅಲ್ಲಿ ಹೆಸರು ಪಡೆದ ಗಿಡ ಮಾತ್ರ ಅಷ್ಟು ಹೊತ್ತಿಗೆ ಸಾವಿರಾರು ಮನೆಗಳ ಕಿಟಕಿ ಸೇರಿಯಾಗಿತ್ತು. ಉಸಾಂಬರಾ ಬೆಟ್ಟಗಳ ಕಾಡು ಕಾಫಿ, ಚಹಾ ತೋಟಗಳಿಗಾಗಿ ಕಡಿದುಹೋಗಿ, ಅಲ್ಲಿಯ ಹಲವು ಕಾಡು ಪ್ರಭೇದಗಳು ಅಳಿವಿನ ಅಂಚಿನಲ್ಲಿವೆ. ಕಿಟಕಿಯ ಗಿಡಗಳು ಎಷ್ಟು ಕೋಟಿಯಿದ್ದರೂ ಆ ನಷ್ಟವನ್ನು ತುಂಬಲಾರವು, ಏಕೆಂದರೆ ಅವು ಕೆಲವೇ ಗಿಡಗಳ ಪ್ರತಿಗಳು. ಹೊಸತನ್ನು ಕೊಡುವ ಬೀಜದ ಭಂಡಾರ ಇರುವುದು ಕಾಡಿನಲ್ಲಿ.

ನಮ್ಮ ಸೂಡಿಯನ್ನೇ ನೋಡಿ. ಅಕ್ಕಾದೇವಿ ಆಳಿದ ಊರಿದು. ಜೋಡುಕಳಸದ ಗುಡಿ, ನಾಗಕುಂಡಗಳನ್ನು ನಿಮಗೆ ಎಷ್ಟು ಸಲ ತೋರಿಸಿಲ್ಲ! ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿಯಂತೆ ಇಲ್ಲಿಯೂ ಒಂದು ಟಂಕಸಾಲೆಯಿತ್ತು. ಅದು ಎಲ್ಲಿತ್ತು ತೋರಿಸಿ ಎಂದರೆ ನಾನು ತೋರಿಸಲಾರೆ. ಆದರೆ ಅರಮನೆಯಿಂದ ಅಂಗಡಿಗೆ, ಕೈಯಿಂದ ಕೈಗೆ ಹೋದ ಚಾಲುಕ್ಯರ ಹೊನ್ನು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿದೆ. ಹೊರಗೆ ಹೋದದ್ದು ಉಳಿಯಿತು.

ಈಗ ಆ ಧಾರವಾಡದ ಗಿಡದಿಂದ ಹನ್ನೊಂದು ಕುಂಡಗಳಾಗಿವೆ. ತಟ್ಟೆಗೆ ಮಳೆನೀರು ಹಾಕುವುದನ್ನು ಕಲಿತಿದ್ದೇನೆ. ಎಲೆ ನೆಡಲು ನಮ್ಮ ಕಡೆ ಶ್ರಾವಣದಿಂದ ಕಾರ್ತಿಕದವರೆಗಿನ ಕಾಲ ಒಳ್ಳೆಯದು. ಆ ದಿನಗಳಲ್ಲಿ ಸೂಡಿಗೆ ಬಂದವರು ಮನೆಗೆ ಬನ್ನಿ. ಬರುವಾಗ ಒಂದು ಬುತ್ತಿಯ ಡಬ್ಬಿ, ಒಂದು ಹಸಿ ಬಟ್ಟೆ ತನ್ನಿ. ಒಂದೊಂದು ಎಲೆ ಕೊಟ್ಟು ಕಳಿಸುತ್ತೇನೆ. ನನ್ನ ಕೈಯಲ್ಲಿ ಮತ್ತೊಮ್ಮೆ ಇವು ಸತ್ತರೆ, ನಿಮ್ಮಲ್ಲಿ ಯಾರಾದರೂ ಒಂದು ಎಲೆ ತಂದುಕೊಡುವಿರೆಂಬ ಧೈರ್ಯ ನನಗಿರಲಿ.